ಒಳಸರಿಯುವ ಮೊಳೆಗಳ ಬೂಟು ಮಂಜುಗಡ್ಡೆಗೆ ಸರಿ, ಗ್ರಾನೈಟ್ ಮೆಟ್ಟಿಲಿಗಲ್ಲ

ಪ್ರಶ್ನೆ: ನನ್ನ ತಂದೆಗೆ 71 ವರ್ಷ, ಮಂಡಿನೋವಿದೆ. ಜನವರಿಯಲ್ಲಿ ಅಪ್ಪ, ಅಮ್ಮ ಇಬ್ಬರೂ ಟೊರಾಂಟೊದಲ್ಲಿರುವ ತಂಗಿಯ ಮನೆಗೆ ಹೋಗಿ ಮಾರ್ಚ್ ಕೊನೆಯವರೆಗೆ ಅಲ್ಲಿರುತ್ತಾರೆ. ಬೇಕೆಂದಾಗ ಅಟ್ಟೆಯಿಂದ ಹೊರಬಂದು, ಬೇಡವೆಂದಾಗ ಒಳಕ್ಕೆ ಸರಿಯುವ ಮೊಳೆಗಳಿರುವ ಬೂಟುಗಳನ್ನು ನೋಡಿದೆವು. ಬೆಲೆ ಹೆಚ್ಚು. ಕೊಟ್ಟ ಹಣಕ್ಕೆ ತಕ್ಕ ಉಪಯೋಗವಿದೆಯೇ? ಕಳೆದ ಮಳೆಗಾಲದಲ್ಲಿ ಅಪ್ಪ ನಮ್ಮ ರಾಜಾಜಿನಗರದ ಮನೆಯ ಮುಂದಿನ ಗ್ರಾನೈಟ್ ಮೆಟ್ಟಿಲಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡಿದ್ದರು. ಹಿಂದಿರುಗಿದ ಮೇಲೆ ಅದೇ ಬೂಟನ್ನು ಇಲ್ಲಿನ ಮಳೆಗಾಲಕ್ಕೂ ಬಳಸಬಹುದೇ?

ಉತ್ತರ: ನಿಮ್ಮ ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅಪಾಯ ಇರುವುದು ಅಲ್ಲಿಯೇ. ಬಳಸಬಾರದು. ಮೊಳೆ ಹೊರಗಿರುವ ಬೂಟು ಹಾಕಿಕೊಂಡು ನಿಮ್ಮ ತಂದೆಯವರು ಆ ಮೆಟ್ಟಿಲು ಇಳಿದರೆ, ಸಾಮಾನ್ಯ ರಬ್ಬರ್ ಅಟ್ಟೆಯ ಚಪ್ಪಲಿಯಲ್ಲಿ ಇಳಿದಾಗಿನದಕ್ಕಿಂತ ಸುಲಭವಾಗಿ ಜಾರುತ್ತಾರೆ. ಟೊರಾಂಟೊದ ಮಟ್ಟಿಗೆ ನನ್ನ ಉತ್ತರ ಹೌದು ಎಂದೇ, ಆದರೆ ಒಂದು ಷರತ್ತಿದೆ: ಮೊಳೆಗಳನ್ನು ಹೊರತೆಗೆಯುವ ಮತ್ತು ಒಳಸೇರಿಸುವ ಕೆಲಸವನ್ನು ಅವರು ಬೇರೆಯವರ ನೆರವಿಲ್ಲದೆ ದಿನಕ್ಕೆ ಹಲವು ಬಾರಿ ಮಾಡಬಲ್ಲರೇ ಎಂಬುದನ್ನು ಕೊಳ್ಳುವ ಮೊದಲೇ ನೋಡಿಕೊಳ್ಳಬೇಕು. ಮಂಡಿನೋವಿರುವವರ ವಿಷಯದಲ್ಲಿ ಬೂಟಿನ ಮಿಕ್ಕೆಲ್ಲ ಗುಣಗಳಿಗಿಂತ ಇದೇ ಮುಖ್ಯ.

ನಾವು ಜಾರುವುದು ಹೆಚ್ಚಾಗಿ ಹಿಮ್ಮಡಿ ನೆಲ ಮುಟ್ಟಿದ ಕೂಡಲೇ, ಒಂದು ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಕಾಲದೊಳಗೆ. ಆಗ ದೇಹದ ಭಾರ ಹಿಂದಿನ ಕಾಲಿನಿಂದ ಮುಂದಿನ ಕಾಲಿಗೆ ಬರುತ್ತಿರುತ್ತದೆ, ಪಾದ ಇನ್ನೂ ಮುಂದಕ್ಕೆ ತಳ್ಳುತ್ತಿರುತ್ತದೆ, ನೆಲಕ್ಕೆ ತಾಗಿರುವುದು ಹಿಮ್ಮಡಿಯ ಹಿಂಬದಿಯ ಅಂಚು ಮಾತ್ರ. ಪಾದ ನೆಲವನ್ನು ಒತ್ತುವ ಬಲಕ್ಕೆ ಹೋಲಿಸಿದರೆ ಜಾರದಂತೆ ತಡೆಯುವ ಬಲ ಎಷ್ಟಿದೆ ಎಂಬ ಅನುಪಾತವನ್ನು ಘರ್ಷಣಾಂಕ ಎನ್ನುತ್ತೇವೆ. ಸಮತಟ್ಟಾದ ನೆಲದಲ್ಲಿ ಸಾಮಾನ್ಯ ವೇಗದಲ್ಲಿ ನಡೆಯಲು ಇದು ಸುಮಾರು 0.2 ಇದ್ದರೆ ಸಾಕು. ಇಳಿಜಾರಿನಲ್ಲಿ ಇನ್ನಷ್ಟು ಬೇಕು. ಒಣ ಕಾಂಕ್ರೀಟಿನ ಮೇಲೆ ಒಳ್ಳೆಯ ರಬ್ಬರಿಗೆ 0.6ಕ್ಕಿಂತ ಹೆಚ್ಚು ಸಿಗುವುದರಿಂದ ನಾವು ಈ ಲೆಕ್ಕವನ್ನು ಮರೆತೇ ನಡೆಯುತ್ತೇವೆ. ಒದ್ದೆಯಾದ ಮಂಜುಗಡ್ಡೆಯ ಮೇಲೆ ಅದೇ ರಬ್ಬರಿಗೆ 0.1 ಸಿಗುವುದೂ ಕಷ್ಟ.

ಮಂಜುಗಡ್ಡೆ ಏಕೆ ಇಷ್ಟು ಜಾರುತ್ತದೆ ಎಂಬುದಕ್ಕೆ ಅದರ ಮೇಲ್ಮೈಯೇ ಕಾರಣ. ಕರಗುವ ಬಿಂದುವಿಗಿಂತ ಕೆಳಗಿನ ತಾಪದಲ್ಲಿಯೂ ಗಡ್ಡೆಯ ಮೇಲೆ ನೀರಿನಂಥ ಅತಿ ತೆಳುವಾದ ಪದರವೊಂದು ಇರುತ್ತದೆ ಎಂದು ಮೈಕೆಲ್ ಫ್ಯಾರಡೆ 1850ರಲ್ಲಿಯೇ ಸೂಚಿಸಿದ್ದರು. ಕಾಲಿನ ಒತ್ತಡಕ್ಕೆ ಗಡ್ಡೆ ಕರಗಿ ಜಾರುತ್ತದೆ ಎಂದು ಅನೇಕರು ಶಾಲೆಯಲ್ಲಿ ಕಲಿತಿರುತ್ತಾರೆ, ಆದರೆ ಮನುಷ್ಯನ ಭಾರದಿಂದ ಕರಗುವ ಬಿಂದು ಇಳಿಯುವುದು ತೀರ ಅತ್ಯಲ್ಪ, ಅದೊಂದೇ ವಿವರಣೆ ಸಾಲದು. ನಿಮಗೆ ಬೇಕಾದ ಸಂಗತಿ ಇಷ್ಟು: ಕೊರೆಯುವ ಚಳಿಯ ಮಂಜುಗಡ್ಡೆಗಿಂತ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಒದ್ದೆಯಾಗಿ ಹೊಳೆಯುವ ಗಡ್ಡೆಯೇ ನಡೆಯುವವರಿಗೆ ಹೆಚ್ಚು ಅಪಾಯಕಾರಿ. ಟೊರಾಂಟೊದ ಜನವರಿಯಲ್ಲಿ ಹಗಲಿನ ತಾಪ ಆಗಾಗ ಸೊನ್ನೆಯ ಹತ್ತಿರಕ್ಕೆ ಬರುವುದರಿಂದ ಮಧ್ಯಾಹ್ನ ಕರಗಿದ್ದು ರಾತ್ರಿ ಮತ್ತೆ ಹೆಪ್ಪುಗಟ್ಟಿ, ಬೆಳಗಿನ ಹೊತ್ತಿಗೆ ಕಾಲುದಾರಿಯ ಮೇಲೆ ಗಾಜಿನಂಥ ಪದರ ಸಿದ್ಧವಾಗಿರುತ್ತದೆ. ಆ ಪದರದ ಮೇಲೆ ಒಂದಿಷ್ಟು ಹೊಸ ಹಿಮ ಬಿದ್ದು ಅದನ್ನು ಮುಚ್ಚಿದ ದಿನವಂತೂ ಅಲ್ಲಿಯೇ ಹುಟ್ಟಿ ಬೆಳೆದವರೂ ಬೀಳುತ್ತಾರೆ.

ಇನ್ನು ಮೊಳೆ. ಮೊಳೆ ಹಿಡಿತ ಕೊಡುವುದು ಘರ್ಷಣೆಯಿಂದಲ್ಲ, ನೆಲದೊಳಕ್ಕೆ ಇಳಿದು ಅಡ್ಡ ನಿಲ್ಲುವುದರಿಂದ. ಅದು ಇಳಿಯಬೇಕಾದರೆ ನೆಲ ಮೊಳೆಗಿಂತ ಬಹಳ ಮೆತ್ತಗಿರಬೇಕು. ಖನಿಜಗಳ ಗಡಸುತನವನ್ನು ಅಳೆಯುವ ಮೋಸ್ ಮಾಪಕದಲ್ಲಿ ಸೊನ್ನೆ ಡಿಗ್ರಿಯ ಹತ್ತಿರದ ಮಂಜುಗಡ್ಡೆಗೆ ಸುಮಾರು 1.5, ಗ್ರಾನೈಟಿನಲ್ಲಿರುವ ಫೆಲ್ಡ್‌ಸ್ಪಾರಿಗೆ 6, ಬೆಣಚುಕಲ್ಲಿಗೆ 7. ಬೂಟಿನ ಮೊಳೆಗಳನ್ನು ಉಕ್ಕಿನಿಂದ ಮಾಡಿ, ಉತ್ತಮ ಬಗೆಯದಾದರೆ ತುದಿಗೆ ಟಂಗ್‌ಸ್ಟನ್ ಕಾರ್ಬೈಡ್ ಕೂರಿಸಿರುತ್ತಾರೆ. ಅದರ ಗಡಸುತನ ಸುಮಾರು 9. ಎಪ್ಪತ್ತು ಕಿಲೋ ತೂಕದ ವ್ಯಕ್ತಿಯ ಭಾರ ಹಿಮ್ಮಡಿಯ ನಾಲ್ಕು ಮೊಳೆಗಳ ಮೇಲೆ ಬಿತ್ತು, ಒಂದೊಂದರ ತುದಿ ಒಂದು ಚದರ ಮಿಲಿಮೀಟರಿನಷ್ಟಿದೆ ಎಂದಿಟ್ಟುಕೊಳ್ಳಿ. ಪ್ರತಿ ಚದರ ಮಿಲಿಮೀಟರಿಗೆ 17 ಕಿಲೋಗೂ ಹೆಚ್ಚಿನ ಭಾರ ಬೀಳುತ್ತದೆ. ಮಂಜುಗಡ್ಡೆ ಇದಕ್ಕೆ ಬಗ್ಗಿ ಜಾಗ ಕೊಡುತ್ತದೆ. ಗ್ರಾನೈಟ್ ಕೊಡುವುದಿಲ್ಲ, ಕಾರ್ಬೈಡ್ ತುದಿ ಹೆಚ್ಚೆಂದರೆ ಪಾಲಿಶ್ ಮೇಲೆ ಗೀರು ಎಳೆಯಬಹುದು, ಒಳಗೆ ಇಳಿಯಲಾರದು. ಹೀಗಿರುವಾಗ ನಿಮ್ಮ ತಂದೆಯವರು ಕಲ್ಲಿನ ಮೇಲೆ ನಿಂತಾಗ ರಬ್ಬರು ನೆಲದಿಂದ ಮೇಲೆದ್ದು, ಇಡೀ ದೇಹ ನಾಲ್ಕಾರು ಲೋಹದ ಚುಕ್ಕೆಗಳ ಮೇಲೆ ನಿಂತಿರುತ್ತದೆ. ಒದ್ದೆ ಕಲ್ಲಿನ ಮೇಲೆ ಲೋಹಕ್ಕೆ ರಬ್ಬರಿನಷ್ಟು ಹಿಡಿತ ಇರುವುದಿಲ್ಲ. ಜಾರದಿರಲೆಂದು ಹಾಕಿದ ಸಾಧನವೇ ಜಾರಿಸುವುದು ಹೀಗೆ.

ಆದ್ದರಿಂದ ಮೊಳೆ ಒಳಸರಿಯುವುದು ಈ ಬೂಟಿನ ಒಂದು ಅಲಂಕಾರವೆಂದು ತಿಳಿಯಬಾರದು. ಮೊಳೆಯಷ್ಟೇ ಅದೂ ಮುಖ್ಯ. ಕಂಠೀರವ ಕ್ರೀಡಾಂಗಣದ ಸಿಂಥೆಟಿಕ್ ಟ್ರ್ಯಾಕಿನಲ್ಲಿ ಓಡುವವರ ಶೂಗಳಿಗೂ ಮೊಳೆಗಳಿವೆ, ಅವುಗಳ ಉದ್ದಕ್ಕೆ ಸಾಮಾನ್ಯವಾಗಿ 9 ಮಿಲಿಮೀಟರಿನ ಮಿತಿಯೂ ಇದೆ, ಆದರೆ ಓಟಗಾರ ಅವುಗಳನ್ನು ಟ್ರ್ಯಾಕಿನ ಅಂಚಿನಲ್ಲಿ ಹಾಕಿಕೊಂಡು ಅಲ್ಲಿಯೇ ಬಿಚ್ಚುತ್ತಾನೆ. ಚಳಿಗಾಲದ ನಗರದಲ್ಲಿ ನಡೆಯುವವರಿಗೆ ಆ ಅನುಕೂಲವಿಲ್ಲ. ಮನೆಯಿಂದ ಹೊರಟು ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಮಂಜುಗಡ್ಡೆ, ಉಪ್ಪು ಹಾಕಿ ಕರಗಿಸಿದ ಕಾಂಕ್ರೀಟ್, ಮೆಟ್ರೊ ನಿಲ್ದಾಣದ ಟೈಲ್ಸ್, ಅಂಗಡಿಯ ಒದ್ದೆ ನೆಲ ಎಲ್ಲವೂ ಎದುರಾಗುತ್ತವೆ. ಹಿಮದಿಂದ ಒಳಬಂದು ಟೈಲ್ಸಿನ ಮೇಲೆ ಇಡುವ ಮೊದಲ ಕೆಲವು ಹೆಜ್ಜೆಗಳೇ ಮೊಳೆಯ ಬೂಟಿನವರಿಗೆ ಅತ್ಯಂತ ಅಪಾಯದವು.

ಈಗ ಮಾರುಕಟ್ಟೆಯಲ್ಲಿರುವ ವ್ಯವಸ್ಥೆಗಳ ವಿಷಯ. ಹೆಚ್ಚು ಕಾಣುವುದು ಮಗುಚುವ ತಟ್ಟೆಯ ಬಗೆ: ಹಿಮ್ಮಡಿಯಲ್ಲೊಂದು, ಪಾದದ ಮುಂಭಾಗದಲ್ಲೊಂದು ಸಣ್ಣ ತಟ್ಟೆ ತಿರುಗಣಿಯ ಮೇಲೆ ಕೂತಿರುತ್ತದೆ, ಒಂದು ಮೈ ರಬ್ಬರು, ಇನ್ನೊಂದು ಮೈ ಮೊಳೆ. ಬೂಟಿನ ಜತೆ ಕೊಡುವ ಚಿಕ್ಕ ಕೀಲಿಯಂಥ ಉಪಕರಣದಿಂದ ತಟ್ಟೆಯನ್ನು ಎತ್ತಿ ಮಗುಚಿದರೆ ಆಯಿತು. ನನ್ನ ಅಭಿಪ್ರಾಯದಲ್ಲಿ ನಂಬಬಹುದಾದದ್ದು ಇದೇ, ಏಕೆಂದರೆ ಇದರಲ್ಲಿ ಚಲಿಸುವ ಭಾಗ ಒಂದೇ, ಮೊಳೆ ಯಾವ ಕಡೆ ಇದೆ ಎಂಬುದು ಕಣ್ಣಿಗೆ ಕಾಣುತ್ತದೆ, ಅರ್ಧಕ್ಕೆ ನಿಲ್ಲುವ ಪ್ರಶ್ನೆಯಿಲ್ಲ. ಇದರ ತೊಂದರೆಯೆಂದರೆ ಕೆಲಸಕ್ಕೆ ಬಾಗಬೇಕು, ಬೆರಳಿಗೆ ಸ್ವಲ್ಪ ಶಕ್ತಿ ಬೇಕು, ಕೈಗವಸು ತೆಗೆಯಬೇಕು, ಕೀಲಿ ಕಳೆದರೆ ಮತ್ತೊಂದನ್ನು ಹುಡುಕಬೇಕು. ಎರಡನೆಯ ಬಗೆಯಲ್ಲಿ ಹಿಮ್ಮಡಿಯ ಹಿಂದೆ ಅಥವಾ ಪಕ್ಕದಲ್ಲಿ ಒಂದು ಸನ್ನೆಕೋಲು ಇಲ್ಲವೆ ತಿರುಗಿಸುವ ಗುಂಡಿ ಇದ್ದು, ಅದನ್ನು ತಿರುಗಿಸಿದರೆ ಅಟ್ಟೆಯೊಳಗಿನ ತಟ್ಟೆ ಕೆಳಕ್ಕೆ ಸರಿದು ಮೊಳೆಗಳನ್ನು ರಂಧ್ರಗಳ ಮೂಲಕ ಹೊರಗೆ ತಳ್ಳುತ್ತದೆ. ಅಂಗಡಿಯ ಮೇಜಿನ ಮೇಲೆ ಇದು ಬಹಳ ಚೆನ್ನಾಗಿ ಕಾಣುತ್ತದೆ. ಬೀದಿಯಲ್ಲಿ ರಂಧ್ರಗಳೊಳಗೆ ಹಿಮ ತುಂಬಿ ಗಟ್ಟಿಯಾಗುತ್ತದೆ, ಕರಗಿದ ಉಪ್ಪುನೀರು ಸ್ಪ್ರಿಂಗಿನೊಳಗೆ ಇಳಿದು ತುಕ್ಕು ಹಿಡಿಸುತ್ತದೆ, ಮರಳು ಸಿಕ್ಕಿಕೊಳ್ಳುತ್ತದೆ. ಒಂದು ಕಾಲಿನ ಮೊಳೆ ಹೊರಗೆ, ಇನ್ನೊಂದು ಕಾಲಿನದು ಅರ್ಧ ಒಳಗೆ ಎಂಬ ಸ್ಥಿತಿ ಮೊಳೆಯೇ ಇಲ್ಲದಿರುವುದಕ್ಕಿಂತ ಕೆಟ್ಟದ್ದು, ಏಕೆಂದರೆ ಹಾಕಿಕೊಂಡವರು ಎರಡೂ ಕಾಲನ್ನು ಸಮವಾಗಿ ನಂಬಿ ನಡೆಯುತ್ತಾರೆ. ಮೂರನೆಯದರಲ್ಲಿ ಗುಂಡಿಯೂ ಇಲ್ಲ, ಕೀಲಿಯೂ ಇಲ್ಲ. ಮೊಳೆಗಳನ್ನು ಮೆತ್ತನೆಯ ರಬ್ಬರಿನಲ್ಲಿ ಕೂರಿಸಿರುತ್ತಾರೆ, ಗಟ್ಟಿ ನೆಲ ಒತ್ತಿದಾಗ ಅವು ಸ್ವಲ್ಪ ಒಳಕ್ಕೆ ಕುಸಿದು ರಬ್ಬರು ನೆಲಕ್ಕೆ ತಾಗಲು ಬಿಡುತ್ತವೆ. ಚಳಿ ದೇಶಗಳಲ್ಲಿ ಕಾಡುದಾರಿಯಲ್ಲಿ ಓಡುವವರು ಇದನ್ನು ಮೆಚ್ಚುತ್ತಾರೆ. ಆದರೆ ಮೊಳೆ ಪೂರ್ತಿ ಮರೆಯಾಗುವುದಿಲ್ಲ, ಒದ್ದೆ ಟೈಲ್ಸಿನ ಮೇಲೆ ಇದನ್ನು ವಯಸ್ಸಾದವರಿಗೆ ನಾನು ಸೂಚಿಸಲಾರೆ.

ಇವೆಲ್ಲಕ್ಕಿಂತ ಜಾಣತನದ ಉಪಾಯವೊಂದನ್ನು 2020ರಲ್ಲಿ ಅಮೆರಿಕದ ಎಂಐಟಿ ಮತ್ತು ಹಾರ್ವರ್ಡ್ ವಿಶ್ವವಿದ್ಯಾಲಯಗಳ ಸಂಶೋಧಕರು ಪ್ರಕಟಿಸಿದರು. ಕಾಗದವನ್ನು ಕತ್ತರಿಸಿ ಆಕಾರ ಎಬ್ಬಿಸುವ ಜಪಾನಿನ ಕಿರಿಗಾಮಿ ಕಲೆಯನ್ನು ಅನುಸರಿಸಿ, ತೆಳುವಾದ ಹಾಳೆಯಲ್ಲಿ ಸಾಲು ಸಾಲಾಗಿ ಸೀಳುಗಳನ್ನು ಮಾಡಿ ಅದನ್ನು ಅಟ್ಟೆಗೆ ಅಂಟಿಸಿದರು. ನಿಂತಾಗ ಹಾಳೆ ಚಪ್ಪಟೆಯಾಗಿರುತ್ತದೆ. ಹೆಜ್ಜೆಯಲ್ಲಿ ಪಾದ ಬಾಗಿದಾಗ ಹಾಳೆ ಹಿಗ್ಗಿ, ಬೆಕ್ಕಿನ ಉಗುರುಗಳಂತೆ ಚೂಪುಗಳು ಮೇಲೆದ್ದು ನಿಲ್ಲುತ್ತವೆ. ಬಾಗುವ, ತಿರುಗಿಸುವ ಗೊಡವೆಯೇ ಇಲ್ಲವಾದ್ದರಿಂದ ವೃದ್ಧರಿಗೆ ಹೇಳಿ ಮಾಡಿಸಿದ ಆಲೋಚನೆ. ಆದರೂ ನೀವು ಜನವರಿಗೆ ಕೊಳ್ಳಬೇಕಾದ ಬೂಟನ್ನು ಆರಿಸುವಾಗ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ, ಮೊಳೆಯ ಬೂಟೇ ಬೇಕೆಂದರೆ ಮೇಲೆ ಹೇಳಿದ ಮೂರು ಬಗೆಗಳ ನಡುವೆಯೇ ತೀರ್ಮಾನಿಸಿ.

ಅಂಗಡಿಯವರು ಸಾಮಾನ್ಯವಾಗಿ ಹೇಳದ ಒಂದು ಅಂಶವಿದೆ. ನಡೆಯುವಾಗ ಮುಂದೆ ಬೀಸುವ ಪಾದದ ತುದಿ ನೆಲದಿಂದ ಎದ್ದಿರುವುದು ಅತಿ ಕಡಿಮೆಯಿರುವ ಹಂತದಲ್ಲಿ ಒಂದರಿಂದ ಎರಡು ಸೆಂಟಿಮೀಟರಿನಷ್ಟು ಮಾತ್ರ. ಮೊಳೆ ಐದು ಮಿಲಿಮೀಟರು ಹೊರಬಂದರೆ ಆ ಅಂತರದ ದೊಡ್ಡ ಪಾಲು ಹೋಗುತ್ತದೆ. ಮಂಡಿ ಪೂರ್ತಿ ಮಡಚದವರು ಮೊದಲೇ ಕಾಲೆಳೆದು ನಡೆಯುತ್ತಾರೆ, ಅವರ ಮೊಳೆ ಕಾರ್ಪೆಟ್ಟಿಗೋ ಮೆಟ್ಟಿಲ ಅಂಚಿಗೋ ಸಿಕ್ಕಿಕೊಂಡರೆ ಜಾರುವ ಬದಲು ಎಡವಿ ಮುಗ್ಗರಿಸುತ್ತಾರೆ. ನಗರದ ಕಾಲುದಾರಿಗೆ ಮೂರು ನಾಲ್ಕು ಮಿಲಿಮೀಟರಿನ ಮೊಳೆ ಸಾಕು. ಡಿಸೆಂಬರಿನಲ್ಲಿ ಹಿಮಾಲಯದ ಕೇದಾರಕಾಂಠದಂಥ ಚಾರಣಕ್ಕೆ ಹೋಗುವ ನಮ್ಮ ಹುಡುಗರು ಕಟ್ಟಿಕೊಳ್ಳುವ ಸರಪಳಿಯ ಉದ್ದ ಹಲ್ಲುಗಳು ನಿಮ್ಮ ತಂದೆಯವರಿಗೆ ಬೇಡವೇ ಬೇಡ.

ಮೊಳೆ ಅಥವಾ ಅದರಂಥ ಸಾಧನದಿಂದ ಬೀಳುವುದು ನಿಜಕ್ಕೂ ಕಡಿಮೆಯಾಗುತ್ತದೆಯೇ ಎಂದು ನೀವು ಕೇಳಬಹುದು. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹಿಂದೆ ಬಿದ್ದ ಅನುಭವವಿದ್ದ 65 ದಾಟಿದ 109 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಶೂ ಮೇಲೆ ಎಳೆದು ಹಾಕಿಕೊಳ್ಳುವ, ಲೋಹದ ಸುರುಳಿ ಸುತ್ತಿದ ರಬ್ಬರ್ ಬಲೆಯನ್ನು ಕೊಟ್ಟರು. ಆ ಗುಂಪಿನವರು ಹೊರಗೆ ಜಾರಿದ್ದೂ ಬಿದ್ದದ್ದೂ ಇನ್ನೊಂದು ಗುಂಪಿಗಿಂತ ಸುಮಾರು ಅರ್ಧಕ್ಕೆ ಇಳಿಯಿತು. ಇದರಿಂದ ನಾನು ತೆಗೆಯುವ ಅರ್ಥ: ಲಾಭ ನಿಜ, ಆದರೆ ಆ ಲಾಭಕ್ಕೆ ದುಬಾರಿ ಬೂಟೇ ಬೇಕೆಂದಿಲ್ಲ. ಎಳೆದು ಹಾಕಿಕೊಳ್ಳುವ ಬಲೆ ಅಗ್ಗ, ಚೀಲದಲ್ಲಿ ಮಡಚಿಡಬಹುದು. ಅದನ್ನು ಬೂಟಿನ ಮೇಲೆ ಎಳೆಯಲು ಬೇಕಾಗುವ ತೋಳಬಲ ಮಾತ್ರ ತಟ್ಟೆ ಮಗುಚುವುದಕ್ಕಿಂತ ಹೆಚ್ಚು. ಒಳಗೆ ಹೋಗುವಾಗ ಅದನ್ನು ತೆಗೆಯಲು ಬೇಸರಪಟ್ಟು ಹಾಗೆಯೇ ಟೈಲ್ಸಿನ ಮೇಲೆ ನಡೆಯುವವರೇ ಬಹಳ.

ನಿಮ್ಮ ತಂದೆ ತಾಯಿ ಹೋಗುತ್ತಿರುವ ಊರಿನಲ್ಲಿಯೇ ಬೂಟುಗಳನ್ನು ಪರೀಕ್ಷಿಸುವ ಒಂದು ಪ್ರಸಿದ್ಧ ಪ್ರಯೋಗಾಲಯವಿದೆ. ಟೊರಾಂಟೊ ಪುನರ್ವಸತಿ ಸಂಸ್ಥೆಯಲ್ಲಿ ನೆಲಕ್ಕೆ ನಿಜವಾದ ಮಂಜುಗಡ್ಡೆ ಹಾಸಿದ ಕೋಣೆಯನ್ನು ಸ್ವಲ್ಪ ಸ್ವಲ್ಪವಾಗಿ ಓರೆ ಮಾಡುತ್ತ, ಬೀಳದಂತೆ ಮೇಲಿನಿಂದ ಪಟ್ಟಿ ಕಟ್ಟಿಸಿಕೊಂಡ ಜನರನ್ನು ಅದರ ಮೇಲೆ ನಡೆಸಿ, ಎಷ್ಟು ಡಿಗ್ರಿ ಇಳಿಜಾರಿನವರೆಗೆ ಜಾರದೆ ನಡೆಯಬಹುದೆಂದು ನೋಡುತ್ತಾರೆ. ಏಳು ಡಿಗ್ರಿ ದಾಟಿದ ಬೂಟಿಗೆ ಒಂದು ಹಿಮಹರಳಿನ ಗುರುತು, 11ಕ್ಕೆ ಎರಡು, 15ಕ್ಕೆ ಮೂರು. ಅವರು 2016ರಲ್ಲಿ ಮೊದಲ ಫಲಿತಾಂಶ ಪ್ರಕಟಿಸಿದಾಗ, ಪರೀಕ್ಷಿಸಿದ ಬೂಟುಗಳಲ್ಲಿ ಹತ್ತರಲ್ಲೊಂದು ಕೂಡ ಒಂದು ಗುರುತಿಗೆ ಅರ್ಹವಾಗಿರಲಿಲ್ಲ. ಗೆದ್ದವುಗಳಲ್ಲಿ ಹೊರಗೆ ಕಾಣುವ ಮೊಳೆಗಳಿರಲಿಲ್ಲ, ಬದಲಿಗೆ ರಬ್ಬರಿನೊಳಗೇ ಗಡಸು ಕಣಗಳನ್ನೋ ನಾರನ್ನೋ ಬೆರೆಸಿ, ಸವೆದಂತೆಲ್ಲ ಅವು ಮರಳು ಕಾಗದದಂತೆ ಹೊರಗಿಣುಕುವ ಹಾಗೆ ಮಾಡಿದ ಅಟ್ಟೆಗಳಿದ್ದವು. ಬಾಗಲು ಕಷ್ಟಪಡುವವರಿಗೆ ಇಂಥ ಅಟ್ಟೆಯೇ ಮೊದಲ ಆಯ್ಕೆಯಾಗಬೇಕೆಂದು ನನಗೆ ಅನಿಸುತ್ತದೆ: ಏನನ್ನೂ ಮಗುಚಬೇಕಿಲ್ಲ, ಒಳಗೂ ಹೊರಗೂ ಒಂದೇ. ಒಂದು ಎಚ್ಚರಿಕೆ. ಸುರಕ್ಷಾ ಬೂಟುಗಳ ಮೇಲೆ ಕಾಣುವ ಎಸ್‌ಆರ್ ಎಂಬ ಗುರುತನ್ನು ಸೋಪಿನ ನೀರು ಮತ್ತು ಗ್ಲಿಸರಿನ್ ಸುರಿದ ಟೈಲ್ಸಿನ ಪರೀಕ್ಷೆಯ ಆಧಾರದ ಮೇಲೆ ಕೊಡುತ್ತಾರೆ. ಅದನ್ನು ನೋಡಿ ಮಂಜುಗಡ್ಡೆಯ ಬಗ್ಗೆ ಏನನ್ನೂ ಊಹಿಸಬಾರದು.

ಹಾಗಾದರೆ ಕೊಳ್ಳುವುದು ಹೇಗೆ? ಬೆಂಗಳೂರಿನಿಂದ ತರಿಸಿಕೊಳ್ಳುವ ಬದಲು ನಿಮ್ಮ ತಂಗಿ ತಂದೆಯವರನ್ನು ಅಲ್ಲಿನ ಅಂಗಡಿಗೆ ಕರೆದೊಯ್ಯಲಿ. ದಪ್ಪ ಉಣ್ಣೆಯ ಕಾಲುಚೀಲ ಹಾಕಿಕೊಂಡು, ಸಂಜೆಯ ಹೊತ್ತು ಪಾದ ಸ್ವಲ್ಪ ಊದಿರುವಾಗ ಅಳತೆ ನೋಡಲಿ. ಬೆರಳಿಗೆ ಬಿಗಿಯಾದರೆ ಚಳಿಯೂ ಹೆಚ್ಚು, ಹೆಜ್ಜೆಯೂ ತಪ್ಪುತ್ತದೆ. ಮೊಳೆಯ ಬೂಟನ್ನೇ ಮೆಚ್ಚಿದರೆ, ಅಂಗಡಿಯ ಕುರ್ಚಿಯಲ್ಲಿ ಕುಳಿತು ಒಂದು ಕಾಲನ್ನು ಇನ್ನೊಂದರ ಮೇಲೆ ಹಾಕಿ ಅವರೇ ತಟ್ಟೆಯನ್ನು ಮಗುಚಿ ತೋರಿಸಲಿ. ಆಗದಿದ್ದರೆ ಆ ಬೂಟನ್ನು ಅಲ್ಲಿಗೇ ಬಿಡಿ. ತಂಗಿಯ ಮನೆಯ ಬಾಗಿಲ ಬಳಿ ಗಟ್ಟಿಯಾದ ಕುರ್ಚಿಯೊಂದು ಇರಲಿ. ಊರುಗೋಲು ಹಿಡಿಯುವವರಾದರೆ ಅದರ ತುದಿಗೆ ಹಾಕುವ, ಒಳಗೆ ಬಂದಾಗ ಮೇಲಕ್ಕೆ ಮಡಚುವ ಮೊಳೆಯ ಬಿಲ್ಲೆಯೂ ಅಲ್ಲಿ ಸಿಗುತ್ತದೆ. ಅದನ್ನು ಮಡಚಲು ನೆಲದವರೆಗೆ ಬಾಗಬೇಕಿಲ್ಲ. ಬೂಟು ಯಾವುದೇ ಇರಲಿ, ಮಂಜುಗಡ್ಡೆಯ ಮೇಲೆ ಹಿಮ್ಮಡಿ ಊರದೆ ಪಾದವನ್ನು ಪೂರ್ತಿ ಚಪ್ಪಟೆಯಾಗಿ ಇಟ್ಟು, ಗಿಡ್ಡ ಹೆಜ್ಜೆಯಲ್ಲಿ, ಕೈಗಳನ್ನು ಜೇಬಿನಿಂದ ಹೊರಗಿಟ್ಟು ನಡೆಯಬೇಕು. ಅಮ್ಮನವರಿಗೂ ಇದೇ ಮಾತು, ಅವರ ಬೂಟಿನ ಬಗ್ಗೆ ನೀವು ಕೇಳದೆ ಇದ್ದರೂ ಹೇಳುತ್ತಿದ್ದೇನೆ.

ಇನ್ನು ರಾಜಾಜಿನಗರದ ಮೆಟ್ಟಿಲು. ಇಲ್ಲಿ ದೋಷ ಕಾಲಿನದಕ್ಕಿಂತ ನೆಲದ್ದು. ಕನ್ನಡಿಯಂತೆ ಪಾಲಿಶ್ ಮಾಡಿದ ಗ್ರಾನೈಟಿನ ಮೇಲೆ ನೀರು ನಿಂತಾಗ ಅಟ್ಟೆಗೂ ಕಲ್ಲಿಗೂ ನಡುವೆ ತೆಳುವಾದ ನೀರಿನ ಹಾಸು ಉಳಿದು, ಅದು ಹಿಂಡಿ ಹೊರಹೋಗುವಷ್ಟರಲ್ಲಿ ಕಾಲು ಜಾರಿರುತ್ತದೆ. ಬೆಳಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಇಡುವ ಮನೆಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ: ರಂಗೋಲಿಯ ನುಣ್ಣನೆಯ ಕಲ್ಲುಪುಡಿ ನಯವಾದ ಕಲ್ಲಿನ ಮೇಲೆ ಒಣಗಿದ್ದರೂ ಜಾರಿಸುತ್ತದೆ. ರಂಗೋಲಿಯನ್ನು ಮೆಟ್ಟಿಲ ಮೇಲೆ ಇಡದೆ ಕೆಳಗಿನ ಅಂಗಳದಲ್ಲಿ ಇಡಿ, ಇಡುವುದನ್ನೇ ನಿಲ್ಲಿಸಬೇಕೆಂದು ನಾನು ಹೇಳುತ್ತಿಲ್ಲ. ಮೆಟ್ಟಿಲಿನ ಕಲ್ಲನ್ನು ಕೀಳಿಸುವ ಅಗತ್ಯವೂ ಇಲ್ಲ. ಗ್ರಾನೈಟ್ ಕೆಲಸದವರನ್ನು ಕರೆಸಿ ಪ್ರತಿ ಮೆಟ್ಟಿಲ ಮುಂದಿನ ಅಂಚಿನಲ್ಲಿ ಎರಡು ಮೂರು ಸಾಲು ಗ್ರೂವ್ ಹೊಡೆಸಿ, ಅದರ ಹಿಂದೆ ಹೊರಾಂಗಣಕ್ಕೆಂದೇ ಬರುವ ಒರಟು ಪಟ್ಟಿ ಅಂಟಿಸಿ, ಒಂದು ಪಕ್ಕಕ್ಕಾದರೂ ಕೈಯಾಸರೆಯ ಕಂಬಿ ಹಾಕಿಸಿ. ಹೊಸದಾಗಿ ಹಾಕಿಸುವವರು ಜಿಗಣಿಯ ಕಾರ್ಖಾನೆಗಳಲ್ಲಿ ಹೊರಗಿನ ಮೆಟ್ಟಿಲಿಗೆ ಪಾಲಿಶ್ ಬೇಡ, ಫ್ಲೇಮ್ಡ್ ಫಿನಿಶ್ ಬೇಕೆಂದು ಕೇಳಬೇಕು. ಬೆಂಕಿಯ ಜ್ವಾಲೆಗೆ ಮೇಲ್ಮೈ ಸಿಡಿದು ಒರಟಾದ ಆ ಕಲ್ಲು ಒದ್ದೆಯಲ್ಲಿಯೂ ಹಿಡಿಯುತ್ತದೆ. ಟೈಲ್ಸ್ ಹಾಕಿಸುವುದಾದರೆ ಜಾರದಂತೆ ತಡೆಯುವ ಮಟ್ಟವನ್ನು ಹೇಳುವ ಆರ್ 9ರಿಂದ ಆರ್ 13ರವರೆಗಿನ ಗುರುತನ್ನು ಡಬ್ಬದ ಮೇಲೆ ನೋಡಿ, ಮಳೆಗೆ ತೆರೆದ ಜಾಗಕ್ಕೆ ಆರ್ 11ಕ್ಕಿಂತ ಕಡಿಮೆಯದನ್ನು ಒಪ್ಪಬೇಡಿ. ನೆರಳಿನ ಮೂಲೆಯಲ್ಲಿ ಪಾಚಿ ಕಟ್ಟಿದರೆ ಬ್ಲೀಚಿಂಗ್ ಪೌಡರಿನ ನೀರಿನಿಂದ ಉಜ್ಜಿ ತೊಳೆಯಬೇಕು, ಪಾಚಿಯ ಮೇಲೆ ಯಾವ ಅಟ್ಟೆಯೂ ನಿಲ್ಲುವುದಿಲ್ಲ.

ಕಾಲಿಗೆ, ಮಳೆಗಾಲದಲ್ಲಿ ಹಿಮ್ಮಡಿಯ ಪಟ್ಟಿಯಿರುವ ಸ್ಯಾಂಡಲ್ ಇರಲಿ. ಅಟ್ಟೆಯ ರಬ್ಬರು ಉಗುರಿನಿಂದ ಒತ್ತಿದರೆ ಸ್ವಲ್ಪ ತಗ್ಗುವಷ್ಟು ಮೆತ್ತಗಿರಬೇಕು, ನೀರು ಪಕ್ಕಕ್ಕೆ ಹರಿದುಹೋಗುವಂತೆ ಅಂಚಿನವರೆಗೆ ತೆರೆದ ಗೆರೆಗಳಿರಬೇಕು. ಗೆರೆ ಸವೆದು ಹಿಮ್ಮಡಿ ನುಣುಪಾದ ಹವಾಯಿ ಚಪ್ಪಲಿಯನ್ನು ಮನೆಯಲ್ಲಿ ಯಾರಾದರೂ ಇನ್ನೂ ಬಾಗಿಲ ಬಳಿ ಇಟ್ಟುಕೊಂಡಿದ್ದರೆ ಅದನ್ನು ಇಂದೇ ಎಸೆಯಿರಿ.

ಟೊರಾಂಟೊದಿಂದ ಬೂಟನ್ನು ವಾಪಸು ತರುವುದಾದರೆ ಮೊಳೆಗಳಿರುವುದರಿಂದ ಕೈಚೀಲದಲ್ಲಿ ಇಡದೆ ಚೆಕ್-ಇನ್ ಲಗೇಜಿಗೆ ಹಾಕಿ. ಅದಕ್ಕೂ ಮೊದಲು ಉಪ್ಪು ಹೋಗುವಂತೆ ಬೆಚ್ಚಗಿನ ನೀರಿನಲ್ಲಿ ಅಟ್ಟೆಯನ್ನು ತೊಳೆದು, ಪೂರ್ತಿ ಒಣಗಿಸಿ, ತಿರುಗಣಿಗೆ ಒಂದೆರಡು ಹನಿ ಸಿಲಿಕೋನ್ ಎಣ್ಣೆ ಬಿಡಬೇಕು. ಅಟ್ಟದ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟು ಮರೆಯುವುದು ಮಾತ್ರ ಬೇಡ. ಇಂಥ ಬೂಟುಗಳ ಅಟ್ಟೆಯ ನಡುಪದರದಲ್ಲಿ ಹೆಚ್ಚಾಗಿ ಪಾಲಿಯುರಿಥೇನ್ ಇರುತ್ತದೆ, ಅದು ಗಾಳಿಯ ತೇವವನ್ನು ಹೀರಿ ವರ್ಷಗಳು ಕಳೆದಂತೆ, ಹಾಕಿಕೊಳ್ಳದಿದ್ದರೂ, ಒಳಗೊಳಗೇ ಪುಡಿಯಾಗುತ್ತದೆ. ನಾಲ್ಕೈದು ವರ್ಷಗಳ ನಂತರ ಮತ್ತೆ ಪ್ರಯಾಣ ಬಂದರೆ ಹೊರಡುವ ಮೊದಲು ಮನೆಯೊಳಗೇ ಒಂದು ಸುತ್ತು ಹಾಕಿಕೊಂಡು ನಡೆದು, ಅಟ್ಟೆಯನ್ನು ಕೈಯಿಂದ ಬಗ್ಗಿಸಿ ನೋಡಿ. ಬಿರುಕು ಕಂಡರೆ ಮೊಳೆ ಎಷ್ಟೇ ಚೂಪಾಗಿದ್ದರೂ ಆ ಬೂಟನ್ನು ಬಳಸಬೇಡಿ.